ತಮ್ಮನ ಮೂಳೆ ತೆಳುವಾಗಿದೆಯಂತೆ, ಮನೋರೋಗದ ಮಾತ್ರೆ ಕಾರಣ ಇರಬಹುದಾ?

ಪಾಂಡವಪುರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 37. ಡಿಗ್ರಿ ಓದುವಾಗ ಸ್ಕಿಜೋಫ್ರೇನಿಯಾ ಶುರುವಾಯ್ತು. ಆವಾಗಿಂದ ರಿಸ್ಪೆರಿಡೋನ್ ನಡೀತಿದೆ, ಜೊತೆಗೆ ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಈಗ ಆರಾಮಾಗಿದ್ದಾನೆ. ಹಸು ನೋಡ್ಕೊಳ್ತಾನೆ, ಡೈರಿಗೆ ಹಾಲು ಹಾಕಿ ಬರ್ತಾನೆ, ಲೆಕ್ಕ ಎಲ್ಲ ಅವನದೇ.

ಹೋದ ತಿಂಗಳು ಕೊಟ್ಟಿಗೆ ಚಪ್ಪಡಿ ಮೇಲೆ ಜಾರಿ ಕೈ ಊರಿದ. ಮೇಲಿಂದ ಬಿದ್ದಿದ್ದಲ್ಲ, ನಿಂತಲ್ಲೇ ಜಾರಿದ್ದು. ಮಣಿಕಟ್ಟು ಮುರಿದಿತ್ತು. ಎರಡು ದಿನ ಬಾಯೇ ಬಿಟ್ಟಿಲ್ಲ. ಊದಿಕೊಂಡಿದ್ದು ನೋಡಿ ಅಮ್ಮ ಕೇಳಿದ್ಮೇಲೆ "ಸ್ವಲ್ಪ ನೋಯ್ತದೆ" ಅಂದ. ಮೂಳೆ ಡಾಕ್ಟ್ರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಈ ವಯಸ್ಸಿಗೆ ಇಷ್ಟು ತೆಳು ಇರಬಾರದಲ್ಲ, ಸ್ಟಿರಾಯ್ಡ್ ಏನಾದ್ರೂ ತಗೋತಾನಾ?" ಅಂದ್ರು. ಮಾತ್ರೆ ಚೀಟಿ ತೋರಿಸಿದೆ. "ಓ, ಇದಾ" ಅಂದು ಕ್ಯಾಲ್ಸಿಯಂ ಬರೆದು ಕಳಿಸಿದ್ರು. ಆ "ಓ, ಇದಾ" ಅನ್ನೋದರ ಅರ್ಥ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಅಮ್ಮ ಈಗ ಮಾತ್ರೆ ನಿಲ್ಸು ಅಂತ ಹಠ ಹಿಡಿದಿದ್ದಾರೆ. ಮನೋವೈದ್ಯರನ್ನ ನೋಡೋದು ಮುಂದಿನ ತಿಂಗಳು. ಅಲ್ಲಿ ಏನು ಕೇಳಬೇಕು, ಯಾವ ಟೆಸ್ಟ್ ಮಾಡಿಸ್ಕೊಂಡು ಹೋಗಬೇಕು?

ಗದ್ದೆಬಯಲು

ಅಕ್ಕೋ, ನಿಮ್ಮವ್ವ ಯೋಳ್ತಿರೋದೇ ಸರಿಯಾಗದೆ ಕನಕ್ಕ. ಅಷ್ಟ್ ವರ್ಸ ಮಾತ್ರೆ ನುಂಗುದ್ರೆ ಮೂಳೆ ಉಳ್ದದಾ? ಎರಡೊತ್ತು ರಾಗಿ ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು, ಹುಚ್ಚೆಳ್ಳು ಚಟ್ನಿ ಮಾಡಾಕಿ. ನಮ್ ತಾತ ಎಂಬತ್ತರ ಮೇಲೂ ಕಬ್ಬಿನ ಹೊರೆ ಹೊತ್ತವ್ರೆ. ಕೈಗೆ ನಮ್ ಕಡೆ ನಾಟಿ ಕಟ್ಟು ಕಟ್ಟೋರವ್ರೆ, ಆ ಪಟ್ಟಿ ಬಿಚ್ಚುಸ್ಬುಟ್ಟು ಕರ್ಕಬನ್ನಿ.

ನಿವೃತ್ತ ಸಿಸ್ಟರ್

ಗೌಡ್ರೇ, ಮುದ್ದೆ ವಿಷಯದಲ್ಲಿ ನನ್ನ ತಕರಾರಿಲ್ಲ. ಉಳಿದೆರಡು ಮಾತು ವಾಪಸ್ ತಗೊಳ್ಳಿ.

ಅಕ್ಕ, ನಾನು ಮೈಸೂರಲ್ಲಿ ಮನೋರೋಗ ವಾರ್ಡಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಡಾಕ್ಟರಲ್ಲ, ಅದು ನೆನಪಲ್ಲಿಟ್ಟು ಓದಿ. ಮಾತ್ರೆಯನ್ನ ನೀವಾಗಿ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿ ಕಾಯಿಲೆ ಮರುಕಳಿಸಿದ್ರೆ ನಿದ್ದೆ ಇಲ್ಲ, ಊಟ ಇಲ್ಲ, ಓಡಾಟ, ಜಗಳ. ಆವಾಗ ಬಿದ್ದು ಮುರ್ಕೊಳ್ಳೋದು ಇನ್ನೂ ಜಾಸ್ತಿ. ಅಮ್ಮನಿಗೆ ಇದನ್ನೇ ಹೇಳಿ.

ಈಗ ನಿಮ್ಮ "ಓ, ಇದಾ". ರಿಸ್ಪೆರಿಡೋನ್ ಥರದ ಮಾತ್ರೆಗಳು ಮಿದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸವನ್ನ ತಡೀತವೆ. ಕಿವಿಯಲ್ಲಿ ಮಾತು ಕೇಳೋದು, ಅನುಮಾನ ಇವೆಲ್ಲ ಇಳಿಯೋದು ಅದರಿಂದಲೇ. ಆದ್ರೆ ಅದೇ ಡೋಪಮಿನ್, ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯಿಂದ ಬರೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನನ್ನ ಅದುಮಿಟ್ಟಿರುತ್ತೆ. ಆ ಹಿಡಿತ ತಪ್ಪಿದ್ರೆ ಪ್ರೊಲ್ಯಾಕ್ಟಿನ್ ಏರುತ್ತೆ. ಬಾಣಂತಿಗೆ ಹಾಲು ತರಿಸೋ ಹಾರ್ಮೋನು ಅದು. ಅದು ಏರಿದಾಗ ಹೆಂಗಸರಲ್ಲಿ ಈಸ್ಟ್ರೋಜನ್, ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಇಳಿಯುತ್ತೆ. ವರ್ಷಗಟ್ಟಲೆ ಹಾಗೇ ಇದ್ರೆ ಮೂಳೆ ಕಟ್ಟೋದಕ್ಕಿಂತ ಕರಗೋದು ಮುಂದಾಗುತ್ತೆ.

ಎಲ್ಲಾ ಮಾತ್ರೆನೂ ಒಂದೇ ಅಲ್ಲ. ರಿಸ್ಪೆರಿಡೋನ್, ಪ್ಯಾಲಿಪೆರಿಡೋನ್, ಅಮಿಸಲ್ಪ್ರೈಡ್, ಹಳೇ ಕಾಲದ ಹ್ಯಾಲೊಪೆರಿಡಾಲ್ ಇವು ಪ್ರೊಲ್ಯಾಕ್ಟಿನ್ ಚೆನ್ನಾಗೇ ಏರಿಸ್ತವೆ. ಓಲಾಂಜಪೀನ್ ಅಷ್ಟಿಲ್ಲ. ಕ್ವೆಟಿಯಪೀನ್, ಕ್ಲೋಜಪೀನ್ ಹೆಚ್ಚುಕಮ್ಮಿ ಏರಿಸೋದೇ ಇಲ್ಲ. ಅರಿಪಿಪ್ರಜೋಲ್ ಉಲ್ಟಾ ಇಳಿಸುತ್ತೆ.

ಇನ್ನೊಂದು. ಈ ಕಾಯಿಲೆ ಹೆಚ್ಚಿನವರಿಗೆ ಕಾಣಿಸ್ಕೊಳ್ಳೋದು ಹದಿನೆಂಟು, ಇಪ್ಪತ್ತು, ಇಪ್ಪತ್ತೈದರ ಆಸುಪಾಸಲ್ಲಿ. ಮೂಳೆ ತನ್ನ ಪೂರ್ತಿ ಗಟ್ಟಿತನ ಮುಟ್ಟೋದೂ ಸರಿಸುಮಾರು ಮೂವತ್ತರೊಳಗೆ. ನಿಮ್ಮ ತಮ್ಮನಂಥ ಹುಡುಗರು ಕೂಡಿಡಬೇಕಾದ ವಯಸ್ಸಲ್ಲೇ ಖರ್ಚು ಶುರು ಮಾಡಿರ್ತಾರೆ. ಆಮೇಲೆ ನೋವು. ಸ್ಕಿಜೋಫ್ರೇನಿಯಾ ಇರೋರಲ್ಲಿ ಕೆಲವರು ನೋವನ್ನ ಬೇರೆಯವರಷ್ಟು ಹೇಳ್ಕೊಳ್ಳಲ್ಲ. ನಿಮ್ಮ ತಮ್ಮ ಎರಡು ದಿನ ಸುಮ್ಮನಿದ್ದ ಅಂದ್ರಲ್ಲ, ವಾರ್ಡಲ್ಲೂ ಅಂಥವರನ್ನ ಕಂಡಿದ್ದೀನಿ. ಸೊಂಟದ ಮೂಳೆ ಬಿರುಕು ಬಿಟ್ಟಿದ್ರೂ ಕುಂಟ್ಕೊಂಡು ಊಟದ ಸಾಲಲ್ಲಿ ನಿಂತಿದ್ದವರಿದ್ರು.

ಕೇಳಬೇಕಾದ ಟೆಸ್ಟ್: ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟೆರೋನ್, ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಆಮೇಲೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್. ಮೂಳೆ ಮೂರನೇ ಒಂದು ಭಾಗದಷ್ಟು ಕರಗೋವರೆಗೂ ಮಾಮೂಲಿ ಎಕ್ಸ್‌ರೇಯಲ್ಲಿ ಸರಿಯಾಗಿ ಗೊತ್ತಾಗಲ್ಲ. ಎಕ್ಸ್‌ರೇಯಲ್ಲೇ ತೆಳು ಕಂಡಿದೆ ಅಂದ್ರೆ ಡೆಕ್ಸಾ ಬಿಡಬೇಡಿ.

ಸರಸ್ವತಿಪುರಂ ಮೆಡಿಕಲ್ಸ್

ಸಿಸ್ಟರ್ ಹೇಳಿದ್ದರ ಜೊತೆಗೆ ಕೌಂಟರ್ ಈಚೆ ನಿಂತು ದಿನಾ ಕಾಣೋದು ಹೇಳ್ತೀನಿ. ತಮ್ಮನಿಗೆ ಗ್ಯಾಸ್ಟ್ರಿಕ್ ಮಾತ್ರೆ ನಡೀತಿದೆಯಾ? ನಮ್ಮಲ್ಲಿ ಹೊಟ್ಟೆ ಉರಿ ಅಂದ ತಕ್ಷಣ ಕೊಡೋದು ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲು. ಆ ಡೊಂಪೆರಿಡೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತೆ. ಪ್ಯಾಂಟೊಪ್ರಜೋಲ್ ಥರದ್ದನ್ನ ವರ್ಷಾನುಗಟ್ಟಲೆ ನುಂಗಿದವರಲ್ಲೂ ಮೂಳೆ ಮುರಿತ ಜಾಸ್ತಿ ಕಂಡಿದೆ. ಒಂದು ಸಲ ಬರೆದ ಚೀಟಿ ಇಟ್ಕೊಂಡು ಐದು ವರ್ಷ ತಗೊಳ್ಳೋರು ನಮ್ಮ ಅಂಗಡಿಗೇ ಬರ್ತಾರೆ. ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ.

ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಕಾರ್ಬಮಜೆಪೀನ್ ವಿಟಮಿನ್ ಡಿ ಇಳಿಸ್ತವೆ. ಅಂಥದ್ದೇನಾದ್ರೂ ಇದ್ರೆ ಅದನ್ನೂ ಚೀಟಿಯಲ್ಲಿ ತೋರಿಸಿ. ಮನೋವೈದ್ಯರ ಹತ್ರ ಹೋಗುವಾಗ ಮನೇಲಿರೋ ಎಲ್ಲಾ ಮಾತ್ರೆ ಪಟ್ಟಿಗಳನ್ನ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ಸುರೀರಿ. ಹೆಸರು ನೆನಪಿಟ್ಕೊಂಡು ಹೇಳೋದಕ್ಕಿಂತ ಅದು ವಾಸಿ.

ಬನ್ನೂರಿನ ತಾಯಿ

ಇದನ್ನ ಬರೀಬೇಕೋ ಬೇಡವೋ ಅಂತ ಯೋಚ್ನೆ ಮಾಡ್ತಿದ್ದೆ. ನನ್ನ ಮಗಳಿಗೆ 24. ಮಾತ್ರೆ ಶುರುವಾದ ಕೆಲವು ತಿಂಗಳಿಗೆ ಮುಟ್ಟು ನಿಂತುಹೋಯ್ತು. ಎದೆಯಲ್ಲಿ ಹಾಲಿನಂಥದ್ದು ಒಸರುತ್ತೆ ಅಂತ ಅವಳು ನನ್ನ ಹತ್ರ ಹೇಳೋಕೆ ಎಷ್ಟು ಹೆದರಿದ್ಲೋ. ಮದುವೆ ಆಗದ ಹುಡುಗಿ. ಮನೆಯಲ್ಲಿ ಅತ್ತೆ ಏನೇನು ಮಾತಾಡಿದ್ರು ಅಂತ ಇಲ್ಲಿ ಬರೆಯಲ್ಲ. ಮೊದಲು ತೋರಿಸಿದ ಕಡೆ "ತಲೆ ಸರಿ ಇದೆಯಲ್ಲ, ಅದೇ ದೊಡ್ಡದು, ಮುಟ್ಟಿನ ವಿಷಯ ಆಮೇಲೆ ನೋಡೋಣ" ಅಂದ್ರು. ಹಾಗೇ ಎರಡು ವರ್ಷ ಹೋಯ್ತು. ಇದೂ ಮೂಳೆಗೆ ತಟ್ಟುತ್ತಾ ಸಿಸ್ಟರ್?

ನಿವೃತ್ತ ಸಿಸ್ಟರ್

ತಟ್ಟುತ್ತಮ್ಮ. ಮುಟ್ಟು ನಿಂತಿದೆ ಅಂದ್ರೆ ಈಸ್ಟ್ರೋಜನ್ ಇಳಿದಿರಬಹುದು ಅಂತ ಲೆಕ್ಕ. ಮುಟ್ಟು ನಿಂತ ಐವತ್ತರ ಹೆಂಗಸಿಗೆ ಮೂಳೆ ಸವೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಇಪ್ಪತ್ನಾಲ್ಕರ ಹುಡುಗಿಗೆ ನಿಂತ್ರೆ ಯಾರೂ ಆ ದಿಕ್ಕಲ್ಲಿ ಯೋಚ್ನೆ ಮಾಡಲ್ಲ. ಮೂರು ತಿಂಗಳ ಮೇಲೆ ನಿಂತಿದ್ರೆ ಪ್ರೊಲ್ಯಾಕ್ಟಿನ್ ನೋಡಲೇಬೇಕು. ಮೊದಲು ಬಸುರಿನ ಪರೀಕ್ಷೆ, ಥೈರಾಯ್ಡ್ ಮಾಡಿಸ್ತಾರೆ, ಅದಕ್ಕೆ ಬೇಜಾರು ಮಾಡ್ಕೋಬೇಡಿ, ಅದು ಕ್ರಮ. ಪ್ರೊಲ್ಯಾಕ್ಟಿನ್ ತೀರಾ ಜಾಸ್ತಿ ಇದ್ರೆ, ಅಥವಾ ತಲೆನೋವು, ಕಣ್ಣು ಮಂಜು ಇದ್ರೆ ಪಿಟ್ಯುಟರಿಗೆ ಎಂಆರ್‌ಐ ಹೇಳಬಹುದು. ಇನ್ನೊಂದು ಎಚ್ಚರ: ಮಾತ್ರೆ ಬದಲಾಯಿಸಿದ್ಮೇಲೆ ಪ್ರೊಲ್ಯಾಕ್ಟಿನ್ ಇಳಿದ್ರೆ ಮುಟ್ಟು ವಾಪಸ್ ಬರುತ್ತೆ, ಗರ್ಭ ನಿಲ್ಲೋ ಸಾಧ್ಯತೆನೂ ವಾಪಸ್ ಬರುತ್ತೆ. ಮದುವೆಯಾದವರಿಗೆ ಇದನ್ನ ಮುಂಚೆನೇ ಹೇಳಿರಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಕೊಡೋ ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಅಂತ ತಿಳ್ಕೊಳ್ಳೋದು ರೋಗಿಯ ಹಕ್ಕು ಅಂತಲೇ ಇದೆ. ಮಗಳು ಕೇಳ್ಲಿ. ನೀವಲ್ಲ, ಅವಳೇ ಕೇಳ್ಲಿ.

ಸುಮ್ನೆ ಓದುವವನು

ಇಲ್ಲಿ ಎಲ್ಲರೂ ಸೇರಿ ಹೆದರಿಸ್ತಿದ್ದೀರಿ ಅನ್ಸುತ್ತೆ. ಈ ಮಾತುಕತೆ ಓದಿ ನಾಲ್ಕು ಜನ ಮಾತ್ರೆ ಬಿಟ್ರೆ ಯಾರು ಜವಾಬ್ದಾರಿ? ಮೂಳೆ ಸವೆಯೋಕೆ ಮಾತ್ರೆ ಒಂದೇನಾ ಕಾರಣ?

ಕೆರೆ ಏರಿ

ನಾನು ಮಾತ್ರೆ ತಗೊಳ್ಳೋ ಮನುಷ್ಯ. ಇದುವರೆಗೂ ಇಲ್ಲಿ ಬರೆದವರೆಲ್ಲ ಅಕ್ಕ, ಅಮ್ಮ, ಸಿಸ್ಟರು. ನಮ್ಮ ಕಡೆಯಿಂದ ಒಬ್ಬ ಇರ್ಲಿ.

ಹೆದರಿಸೋದು ಬೇರೆ, ಹೇಳೋದು ಬೇರೆ. ಅಮಿಸಲ್ಪ್ರೈಡ್ ತಗೊಳ್ಳುವಾಗ ನನಗೆ ಎದೆ ಹೆಂಗಸರ ಥರ ಊದಿತ್ತು. ಶರ್ಟ್ ಮೇಲೆ ಇನ್ನೊಂದು ಶರ್ಟ್ ಹಾಕ್ಕೊಂಡು ಓಡಾಡ್ತಿದ್ದೆ. ಹೆಂಡತಿ ಜೊತೆ ಸಂಬಂಧ ಅಷ್ಟಕ್ಕಷ್ಟೇ ಆಯ್ತು. ಯಾಕೆ ಅಂತ ಯಾರೂ ಹೇಳಿರಲಿಲ್ಲ, ಅದಕ್ಕೇ ಮಾತ್ರೆ ಕದ್ದು ಎಸೆದೆ, ಅದಕ್ಕೇ ಆಸ್ಪತ್ರೆ ಸೇರಿದೆ. ಮೊದಲೇ ಹೇಳಿದ್ರೆ ಎಸೀತಿರಲಿಲ್ಲ. ಈಗ ಬೇರೆ ಮಾತ್ರೆ, ಎದೆ ಇಳಿದಿದೆ.

ಮಾತ್ರೆ ಒಂದೇ ಕಾರಣ ಅಲ್ಲ ಅನ್ನೋದು ನಿಜ. ಕಾಯಿಲೆ ಜೋರಿದ್ದ ದಿನಗಳಲ್ಲಿ ನಾನು ರೂಮಿಂದ ಆಚೆ ಬರ್ತಿರಲಿಲ್ಲ, ಪರದೆ ಎಳೆದು ಮಲಗಿರ್ತಿದ್ದೆ. ಬಿಸಿಲು ಕಂಡಿಲ್ಲ. ಊಟ ಅಂದ್ರೆ ಬನ್ನು ಟೀ. ಕಟ್ಟುಗಟ್ಟಲೆ ಬೀಡಿ. ಮೂಳೆಗೆ ಅದಕ್ಕಿಂತ ಬೇರೆ ವೈರಿ ಬೇಕಾ? ಈಗ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತೀನಿ. ಬೀಡಿ ಮಾತ್ರ ಪೂರ್ತಿ ಬಿಟ್ಟಿಲ್ಲ.

ಸರಸ್ವತಿಪುರಂ ಮೆಡಿಕಲ್ಸ್

ಕೆರೆ ಏರಿ ಅವರೇ, ಬೀಡಿ ಬಿಡೋ ಮುಂಚೆ ಡಾಕ್ಟ್ರಿಗೆ ಒಂದು ಮಾತು ಹೇಳಿ. ನೀವೀಗ ತಗೊಳ್ತಿರೋದು ಕ್ಲೋಜಪೀನ್ ಅಥವಾ ಓಲಾಂಜಪೀನ್ ಆಗಿದ್ರೆ ಹೊಗೆ ಬಿಟ್ಟಾಗ ರಕ್ತದಲ್ಲಿ ಮಾತ್ರೆ ಪ್ರಮಾಣ ಏರುತ್ತೆ, ತೂಕಡಿಕೆ ಬರುತ್ತೆ. ಡೋಸ್ ಇಳಿಸಬೇಕಾಗಬಹುದು. ಬಿಡಿ, ಖಂಡಿತ ಬಿಡಿ, ಹೇಳಿ ಬಿಡಿ.

ಕೆರೆ ಏರಿ

ಕ್ಲೋಜಪೀನೇ. ಇದು ನನಗೆ ಹೊಸ ವಿಷಯ. ಹೇಳ್ತೀನಿ.

ಕುವೆಂಪುನಗರ ಫಿಸಿಯೋ

ನಾಟಿ ಕಟ್ಟಿನ ಬಗ್ಗೆ ಯಾರೂ ಮಾತಾಡಿಲ್ಲ. ಪಟ್ಟಿ ಬಿಚ್ಚಿಸಬೇಡಿ ಅಕ್ಕ. ತೆಳುವಾದ ಮೂಳೆಯನ್ನ ಎಣ್ಣೆ ಹಚ್ಚಿ ಎಳೆದು ಉಜ್ಜಿದ್ರೆ ಇರೋ ಬಿರುಕು ದೊಡ್ಡದಾಗುತ್ತೆ. ಬಿಗಿಯಾಗಿ ಕಟ್ಟಿದ್ರೆ ರಕ್ತ ಓಡಾಟ ನಿಂತು ಬೆರಳು ಕಪ್ಪಾಗಿ ಬಂದವರನ್ನ ನೋಡಿದ್ದೀನಿ.

ನನ್ನ ಪ್ರಕಾರ ಈ ಚರ್ಚೆಯಲ್ಲಿ ಅರ್ಧ ವಿಷಯ ಬಿಟ್ಟುಹೋಗಿದೆ. ಮೂಳೆ ತೆಳುವಾದ್ರೆ ತಾನಾಗೇ ಮುರಿಯೋದು ಕಮ್ಮಿ. ಬೀಳಬೇಕು. ಈ ಮಾತ್ರೆಗಳಿಂದ ಬೀಳೋದೂ ಜಾಸ್ತಿ. ಎದ್ದ ತಕ್ಷಣ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ತೂಕಡಿಕೆ ಇರುತ್ತೆ, ಕೆಲವರಿಗೆ ಕೈಕಾಲು ಬಿಗಿದು ಹೆಜ್ಜೆ ಎಳೀತಾರೆ. ನಡುಕಕ್ಕೆ ಕೊಡೋ ಟ್ರೈಹೆಕ್ಸಿಫೆನಿಡಿಲ್ ಕಣ್ಣು ಮಂಜು ಮಾಡುತ್ತೆ, ವಯಸ್ಸಾದವರಿಗೆ ಗೊಂದಲ ತರುತ್ತೆ. ತಮ್ಮ ಜಾರಿದ್ದು ಚಪ್ಪಡಿ ಒದ್ದೆ ಇದ್ದಿದ್ದಕ್ಕಾ, ಅಥವಾ ಕಾಲು ಎತ್ತಿಡೋದು ನಿಧಾನ ಆಗಿದ್ದಕ್ಕಾ? ಅವನು ನಡೆಯುವಾಗ ಕೈ ಬೀಸ್ತಾನಾ ನೋಡಿ. ಎರಡು ಕೈನೂ ಮೈಗೆ ಅಂಟಿಸ್ಕೊಂಡು ನಡೀತಿದ್ರೆ ಅದನ್ನ ಮನೋವೈದ್ಯರಿಗೆ ತಪ್ಪದೆ ಹೇಳಿ. ಮೊಬೈಲಲ್ಲಿ ವಿಡಿಯೋ ತಗೊಂಡು ತೋರಿಸಿದ್ರೂ ಆಗುತ್ತೆ.

ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕಿಸಿ, ಹಸುವಿಗೂ ಒಳ್ಳೇದು. ಹವಾಯಿ ಚಪ್ಪಲಿ ಬೇಡ. ಪಟ್ಟಿ ಬಿಚ್ಚಿದ್ಮೇಲೆ ಬರೀ ನಡಿಗೆ ಸಾಲಲ್ಲ, ಮೂಳೆಗೆ ಭಾರ ಬೀಳೋ ವ್ಯಾಯಾಮ ಬೇಕು: ಮೆಟ್ಟಿಲು ಹತ್ತೋದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು. ಒಂಟಿ ಕಾಲಲ್ಲಿ ಗೋಡೆ ಹಿಡ್ಕೊಂಡು ನಿಲ್ಲೋದು ಆಯ ತಪ್ಪದೆ ಇರೋಕೆ.

ಅಮ್ಮನ ಜೊತೆ ಮಂಡ್ಯದಲ್ಲಿ

ನಮ್ಮ ಅಮ್ಮನಿಗೆ 74, ಮರೆವಿನ ಕಾಯಿಲೆ. ರಾತ್ರಿ ಗಲಾಟೆ ಅಂತ ಕ್ವೆಟಿಯಪೀನ್ ಶುರು ಮಾಡಿ ಎರಡು ವಾರ. ಅದು ಪ್ರೊಲ್ಯಾಕ್ಟಿನ್ ಏರಿಸಲ್ಲ ಅಂದ್ರಿ, ಹಾಗಾದ್ರೆ ಮೂಳೆಗೆ ತೊಂದರೆ ಇಲ್ಲ ತಾನೆ?

ಕುವೆಂಪುನಗರ ಫಿಸಿಯೋ

ಅಮ್ಮನ ವಯಸ್ಸಲ್ಲಿ ಚಿಂತೆ ಪ್ರೊಲ್ಯಾಕ್ಟಿನ್‌ದಲ್ಲ, ರಾತ್ರಿ ಬಚ್ಚಲಿಗೆ ಎದ್ದು ಹೋಗೋದರದ್ದು. ವಯಸ್ಸಾದವರಲ್ಲಿ ಇಂಥ ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರವೇ ಬೀಳೋ ಅಪಾಯ ಜಾಸ್ತಿ. ಬಿದ್ದು ಸೊಂಟದ ಮೂಳೆ ಮುರಿದ್ರೆ ಆಪರೇಷನ್ನು, ಹಾಸಿಗೆ, ಕಫ, ಹುಣ್ಣು. ಎದ್ದ ತಕ್ಷಣ ನಿಲ್ಲಿಸಬೇಡಿ, ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ. ಬಚ್ಚಲಿಗೆ ಹೋಗೋ ದಾರಿಗೆ ಸಣ್ಣ ದೀಪ, ಕಮೋಡ್ ಪಕ್ಕ ಗೋಡೆಗೆ ಹಿಡಿಕೆ. ನೆಲದ ಮೇಲಿನ ಕಾಲೊರಸು ಬಟ್ಟೆ ಇವತ್ತೇ ತೆಗೀರಿ.

ನಿವೃತ್ತ ಸಿಸ್ಟರ್

ಇದಕ್ಕೆ ಒಂದು ಸೇರಿಸ್ತೀನಿ. ಮರೆವಿನ ಕಾಯಿಲೆ ಇರೋ ವೃದ್ಧರಿಗೆ ಈ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲೇ ಎಚ್ಚರಿಕೆ ಹಾಕಿಸಿದೆ. ಕೊಡಲೇಬಾರದು ಅಂತಲ್ಲ, ಕಮ್ಮಿ ಡೋಸು, ಕಮ್ಮಿ ದಿನ. ಎಷ್ಟು ದಿನಕ್ಕೆ ಬರೆದಿದ್ದಾರೆ, ಯಾವಾಗ ಇಳಿಸ್ತಾರೆ ಅಂತ ಕೇಳಿ. ಎಷ್ಟೋ ಮನೆಗಳಲ್ಲಿ ಗಲಾಟೆ ನಿಂತು ವರ್ಷ ಆಗಿದ್ರೂ ಮಾತ್ರೆ ಹಾಗೇ ನಡೀತಿರುತ್ತೆ.

ಗದ್ದೆಬಯಲು

ಎಲ್ಲಾ ಸರಿ ಕನ್ರವ್ವ, ರಾಗಿ ಬಗ್ಗೆ ಯಾರೂ ಬಾಯ್ಬುಡ್ತಿಲ್ವಲ್ಲ?

ಸರಸ್ವತಿಪುರಂ ಮೆಡಿಕಲ್ಸ್

ಗೌಡ್ರೇ, ಬಿಡ್ತೀನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ರಕ್ಕೂ ಬರಲ್ಲ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕ, ಮುಟ್ಟು ನಿಂತ ಹೆಂಗಸರಿಗೆ 1200. ಒಂದು ಮುದ್ದೆ, ಅರ್ಧ ಲೀಟರ್ ಹಾಲು ಮೊಸರು, ಸೊಪ್ಪು, ಎಳ್ಳು ಇದ್ರೆ ಮಾತ್ರೆ ಇಲ್ಲದೆನೂ ಆ ಲೆಕ್ಕ ಹತ್ರ ಹತ್ರ ಸರಿಹೋಗುತ್ತೆ. ರಾಗಿಯಲ್ಲಿರೋ ಫೈಟೇಟು ಅನ್ನೋ ಅಂಶ ಕ್ಯಾಲ್ಸಿಯಂ ಹೀರೋದನ್ನ ಸ್ವಲ್ಪ ತಡೆಯುತ್ತೆ, ಮೊಳಕೆ ಕಟ್ಟಿದ ರಾಗಿ ಹಿಟ್ಟಲ್ಲಿ ಆ ತಡೆ ಕಮ್ಮಿ. ಡೈರಿಗೆ ಹಾಲು ಹಾಕೋ ಮನೆಗಳಲ್ಲೇ ಮನೆಯವರು ಹಾಲು ಕುಡಿಯಲ್ಲ ಅನ್ನೋದು ಇನ್ನೊಂದು ಕಥೆ. ಅಕ್ಕ, ತಮ್ಮನಿಗೆ ಒಂದು ಲೋಟ ಉಳಿಸ್ಕೊಳ್ಳಿ.

ಆದ್ರೆ ಹಾರ್ಮೋನು ಇಳಿದಿರೋವಾಗ ಬರೀ ಕ್ಯಾಲ್ಸಿಯಂ ಸುರಿದು ಪ್ರಯೋಜನ ಇಲ್ಲ. ಮೂಲ ಸರಿ ಆಗಬೇಕು.

ಮಾತ್ರೆ ಬರೆದಿದ್ದಾರಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ರೆ ಊಟದ ಜೊತೆ. ಕಬ್ಬಿಣದ ಮಾತ್ರೆ ಜೊತೆ ಬೇಡ. ಥೈರಾಯ್ಡ್ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ. ವಿಟಮಿನ್ ಡಿ 60,000 ಯೂನಿಟ್ ಸ್ಯಾಶೆ ಬರೆದಿದ್ರೆ ಅದು ವಾರಕ್ಕೊಂದು, ಅದೂ ಡಾಕ್ಟ್ರು ಹೇಳಿದಷ್ಟು ವಾರ ಮಾತ್ರ. ದಿನಕ್ಕೊಂದರಂತೆ ಹಾಲಿಗೆ ಹಾಕಿ ಕುಡಿದು ವಾಂತಿ, ಸುಸ್ತು ಅಂತ ಬಂದವರಿದ್ದಾರೆ.

ಕೆರೆ ಏರಿ

ವಿಟಮಿನ್ ಡಿಗೆ ಅಂತ ಬಿಸಿಲಿಗೆ ನಿಲ್ಲೋರಿಗೆ ಒಂದು ಮಾತು. ಹಳೇ ಕ್ಲೋರ್‌ಪ್ರೊಮಜೀನ್ ತಗೊಳ್ತಿದ್ದ ನಮ್ಮ ವಾರ್ಡ್‌ಮೇಟ್ ಒಬ್ಬನಿಗೆ ಅರ್ಧ ಗಂಟೆ ಬಿಸಿಲಿಗೇ ಮುಖ ಸುಟ್ಟ ಹಾಗೆ ಆಗಿತ್ತು.

ನಿವೃತ್ತ ಸಿಸ್ಟರ್

ಹೌದು, ಆ ಮಾತ್ರೆಗೆ ಅದು ಗೊತ್ತಿರೋ ತೊಂದರೆ. ಅವರಿಗೆ ಟೋಪಿ, ತುಂಬುತೋಳು. ಮನಸ್ಸಿನ ಏರುಪೇರಿಗೆ ಕೊಡೋ ಲಿಥಿಯಂ ತಗೊಳ್ಳೋರು ಬಿಸಿಲಲ್ಲಿ ನೀರು ಕಮ್ಮಿ ಕುಡಿದ್ರೆ ರಕ್ತದಲ್ಲಿ ಲಿಥಿಯಂ ಏರುತ್ತೆ, ಅವರೂ ಜೋಪಾನ.

ಪಾಂಡವಪುರದ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೋವೈದ್ಯರಿಗೆ ಫೋನ್ ಮಾಡಿದ್ದಕ್ಕೆ ಮುಂಚೆನೇ ಬರಹೇಳಿದ್ರು. ಪ್ರೊಲ್ಯಾಕ್ಟಿನ್ 68 ಬಂದಿದೆ, ಲ್ಯಾಬಿನವರು 20ರೊಳಗೆ ಇರಬೇಕು ಅಂತ ಬರೆದಿದ್ದಾರೆ. ಟೆಸ್ಟೋಸ್ಟೆರೋನ್ ಕಮ್ಮಿ. ವಿಟಮಿನ್ ಡಿ 11. ಗ್ಯಾಸ್ಟ್ರಿಕ್ ಕ್ಯಾಪ್ಸೂಲು ನಿಜವಾಗ್ಲೂ ಇತ್ತು, ಡೊಂಪೆರಿಡೋನ್ ಇರೋದೇ. ಅದನ್ನ ನಿಲ್ಲಿಸಿದ್ರು. ರಿಸ್ಪೆರಿಡೋನ್ ಹಾಗೇ ಇಟ್ಟು, ಜೊತೆಗೆ ಅರಿಪಿಪ್ರಜೋಲ್ ಸಣ್ಣ ಡೋಸ್ ಸೇರಿಸಿದ್ದಾರೆ. ನಡುಕದ ಮಾತ್ರೆ ನಿಧಾನಕ್ಕೆ ಇಳಿಸೋಣ ಅಂದ್ರು.

ಡೆಕ್ಸಾ ವಿಷಯ ಕೇಳ್ಬೇಕಿತ್ತು. ಊರ ಕ್ಯಾಂಪಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ನೋಡಿ "ಟಿ ಸ್ಕೋರ್ ಮೈನಸ್ 2.7, ಆಸ್ಟಿಯೊಪೊರೋಸಿಸ್" ಅಂತ, ಅಂದ್ರೆ ಮೂಳೆ ಟೊಳ್ಳಾಗಿದೆ ಅಂತ ಚೀಟಿ ಕೊಟ್ಟಿದ್ದಾರೆ. ಇದೇ ಸಾಕಾ? ಅಮ್ಮ ಅದನ್ನ ನೋಡಿ ಅತ್ತುಬಿಟ್ರು.

ನಿವೃತ್ತ ಸಿಸ್ಟರ್

ಸಾಲದು. ಹಿಮ್ಮಡಿಗೆ ಹಿಡಿಯೋದು ಅಲ್ಟ್ರಾಸೌಂಡ್ ಯಂತ್ರ, ಡೆಕ್ಸಾ ಅಲ್ಲ. ಅದರ ಮೇಲೆ ರೋಗ ಇದೆ ಅಂತ ತೀರ್ಮಾನ ಮಾಡಲ್ಲ. ಡೆಕ್ಸಾದಲ್ಲಿ ಸೊಂಟ ಮತ್ತೆ ಬೆನ್ನಿನ ಕೆಳಭಾಗ ನೋಡ್ತಾರೆ, ಮಲಗಿಸಿ ಮಾಡ್ತಾರೆ, ನೋವಿಲ್ಲ, ಇಂಜೆಕ್ಷನ್ ಇಲ್ಲ. ಎಲ್ಲಾ ಕಡೆ ಇರಲ್ಲ, ಮೈಸೂರಿಗೆ ಹೊರಡೋ ಮುಂಚೆ ಫೋನ್ ಮಾಡಿ ಕೇಳ್ಕೊಳ್ಳಿ.

ಟಿ ಸ್ಕೋರ್ ಅಂದ್ರೆ ಹರೆಯದವರ ಗಟ್ಟಿ ಮೂಳೆ ಜೊತೆ ಹೋಲಿಕೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೊಪೊರೋಸಿಸ್ ಅನ್ನೋದು ಮುಟ್ಟು ನಿಂತ ಹೆಂಗಸರಿಗೆ, ಐವತ್ತು ದಾಟಿದ ಗಂಡಸರಿಗೆ ಇರೋ ಅಳತೆ. 37ರ ಗಂಡಸಿಗೆ ನೋಡಬೇಕಾದ್ದು ಝಡ್ ಸ್ಕೋರ್, ಅಂದ್ರೆ ಅವನ ವಯಸ್ಸಿನವರ ಜೊತೆ ಹೋಲಿಕೆ. ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ರೆ ವಯಸ್ಸಿಗೆ ತಕ್ಕದ್ದಕ್ಕಿಂತ ಕಮ್ಮಿ ಅಂತ. ಅಮ್ಮನಿಗೆ ಆ ಕ್ಯಾಂಪ್ ಚೀಟಿ ಎತ್ತಿಡೋಕೆ ಹೇಳಿ.

ಅರಿಪಿಪ್ರಜೋಲ್ ಶುರುವಾದ್ಮೇಲೆ ಕೂತಲ್ಲಿ ಕೂರಲಾರದ ಚಡಪಡಿಕೆ ಬಂದ್ರೆ ಕಾಯಿಲೆ ಜೋರಾಯ್ತು ಅಂದ್ಕೋಬೇಡಿ, ಮಾತ್ರೆಯಿಂದಲೂ ಬರುತ್ತೆ, ತಕ್ಷಣ ಫೋನ್ ಮಾಡಿ. ಕೆಲವು ವಾರ ಬಿಟ್ಟು ಪ್ರೊಲ್ಯಾಕ್ಟಿನ್ ಮತ್ತೆ ನೋಡ್ತಾರೆ. ಎದ್ದು ಒಂದೆರಡು ಗಂಟೆ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡ್ಲಿ. ಗಾಬರಿಯಲ್ಲಿ ಓಡಿ ಬಂದು ಕೊಟ್ರೆ ಅದಕ್ಕೇ ಸ್ವಲ್ಪ ಏರಿರುತ್ತೆ. ಟೆಸ್ಟೋಸ್ಟೆರೋನೂ ಬೆಳಿಗ್ಗೆ ಹತ್ತರೊಳಗೇ, ಒಂದು ಸಲ ಕಮ್ಮಿ ಬಂದ್ರೆ ಇನ್ನೊಂದು ಸಲ ಮಾಡಿಸಿ ನೋಡ್ತಾರೆ. ಎಲ್ಲಾ ರಿಪೋರ್ಟ್ ಇಟ್ಕೊಂಡು ಹಾರ್ಮೋನ್ ಡಾಕ್ಟ್ರನ್ನ ಒಮ್ಮೆ ಕಂಡು ಬನ್ನಿ. ಮೂಳೆ ಗಟ್ಟಿ ಮಾಡೋ ಔಷಧಿ ಈ ವಯಸ್ಸಲ್ಲಿ ಬೇಕೋ ಬೇಡವೋ ಅನ್ನೋದು ಅವರು ನಿರ್ಧಾರ ಮಾಡೋದು. ಮೂಳೆ ಡಾಕ್ಟ್ರು ಮನೋವೈದ್ಯರಿಗೆ ಫೋನ್ ಮಾಡ್ತಾರೆ ಅಂತ ಕಾಯಬೇಡಿ, ಅವರ ನಡುವೆ ಕಾಗದ ಹೊತ್ಕೊಂಡು ಓಡಾಡೋದು ನಮ್ಮಂಥ ಮನೆಯವರೇ.

ಗದ್ದೆಬಯಲು

ಸಿಸ್ಟ್ರವ್ವ, ಒಂದ್ ಕೇಳ್ಬೇಕಿತ್ತು. ನಮ್ ಚಿಕ್ಕಪ್ಪಂಗೂ ತಿಂಗ್ಳಿಗೊಂದ್ ಸೂಜಿ ಹಾಕುಸ್ತೀವಿ. ಮಾತ್ರೆ ನುಂಗಲ್ಲ ಅಂತವ್ನೆ ಅಂತ ಡಾಕುಟ್ರು ಸೂಜಿಗೆ ಹಾಕವ್ರೆ. ಫ್ಲೂಫೆನಜೀನ್ ಅಂತ ಬರ್ದದೆ. ಬೆನ್ನು ಬೇರೆ ಬಾಗ್‌ಬುಟ್ಟದೆ, ವಯಸ್ಸಾಯ್ತು ಅಂತ ಸುಮ್ಕಿದ್ದೊ. ಸೂಜಿಗೂ ಇದೇ ಲೆಕ್ಕವಾ?

ನಿವೃತ್ತ ಸಿಸ್ಟರ್

ಸೂಜಿಗೂ ಇದೇ ಲೆಕ್ಕ ಗೌಡ್ರೇ, ಅದೂ ಪ್ರೊಲ್ಯಾಕ್ಟಿನ್ ಏರಿಸೋ ಜಾತಿದೇ. ಬೆನ್ನು ಬಾಗಿದೆ, ಎತ್ತರ ಕಮ್ಮಿಯಾಗಿದೆ ಅಂದ್ರೆ ಬೆನ್ನುಮೂಳೆ ಒಂದೆರಡು ಕಡೆ ಕುಸಿದಿರಬಹುದು, ಅದು ಎಷ್ಟೋ ಸಲ ನೋವೇ ಇಲ್ಲದೆ ಆಗುತ್ತೆ. ಬೆನ್ನಿನ ಎಕ್ಸ್‌ರೇ ಒಂದು ತೆಗೆಸಿ. ಸೂಜಿ ತಪ್ಪಿಸಬೇಡಿ. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರಲ್ಲ, ಎಕ್ಸ್‌ರೇ ಇಟ್ಕೊಂಡು ಅಲ್ಲೇ ಕೇಳಿ. ಅಷ್ಟರೊಳಗೆ ಏನಾದ್ರೂ ಸಂಶಯ ಬಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಚಿಕ್ಕಪ್ಪನಿಗೆ ವಯಸ್ಸೆಷ್ಟು? ಬೀಡಿ ಸೇದ್ತಾರಾ?

ಗದ್ದೆಬಯಲು

ಅರವತ್ತೊಂದು. ಬೀಡಿ ಕೇಳ್ಬ್ಯಾಡಿ.